ಪಿರಮಿಡ್ಡಿನಲ್ಲಿ ಪೈ ಅಡಗಿದೆಯಾ? ಮಕ್ಕಳ ಲೆಕ್ಕ ಸರಿ, ಚಾರ್ಟಿನ ತಲೆಬರಹ ತಪ್ಪು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ನಮ್ಮ ಒಂಬತ್ತನೇ ತರಗತಿ ಮಕ್ಕಳು ವಸ್ತುಪ್ರದರ್ಶನಕ್ಕೆ ಗಿಜಾದ ದೊಡ್ಡ ಪಿರಮಿಡ್ಡಿನ ಮಾದರಿ ಮಾಡುತ್ತಿದ್ದಾರೆ. ಜೊತೆಗೆ ಒಂದು ಚಾರ್ಟ್ ಬರೆದಿದ್ದಾರೆ, ತಲೆಬರಹ "ಪಿರಮಿಡ್ಡಿನಲ್ಲಿ ಅಡಗಿರುವ ಪೈ ಮತ್ತು ಸುವರ್ಣ ಅನುಪಾತ". ಯೂಟ್ಯೂಬಿನಲ್ಲಿ ನೋಡಿದ್ದು. ನಾನೂ ಕೂತು ಲೆಕ್ಕ ಮಾಡಿದೆ. ಬದಿ 230.3 ಮೀಟರ್, ಎತ್ತರ 146.6 ಮೀಟರ್ ಇಟ್ಟುಕೊಂಡು ಸುತ್ತಳತೆಯನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ 3.1419 ಬಂತು. ಇಳಿಜಾರಿನ ಉದ್ದವನ್ನು ಅರ್ಧ ಬದಿಯಿಂದ ಭಾಗಿಸಿದರೆ 1.619. ಎರಡೂ ಹೊಂದುತ್ತವೆ! ಆದರೆ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು "ಅದೆಲ್ಲ ಕಟ್ಟುಕತೆ, ತೀರ್ಪುಗಾರರು ಕೇಳಿದರೆ ಮಕ್ಕಳಿಗೆ ಅವಮಾನ" ಅನ್ನುತ್ತಾರೆ. ಲೆಕ್ಕ ಸರಿ ಬಂದಮೇಲೆ ಕಟ್ಟುಕತೆ ಹೇಗಾಗುತ್ತದೆ? ಗಿಜಾದ ಮೂರು ಪಿರಮಿಡ್ಡುಗಳು ಮೃಗಶಿರ (ಓರಿಯನ್) ನಕ್ಷತ್ರಪುಂಜದ ನಡುವಿನ ಮೂರು ನಕ್ಷತ್ರಗಳ ಹಾಗೆ ನಿಂತಿವೆ ಅನ್ನೋದೂ ಚಾರ್ಟಿನಲ್ಲಿದೆ. ಅದನ್ನು ತೆಗೆಯಬೇಕಾ?

ಉತ್ತರ:

ಮೇಡಂ, ನಿಮ್ಮ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ನಿಮ್ಮ ಮೇಷ್ಟ್ರು ಹೇಳಿದ್ದರಲ್ಲೂ ಅರ್ಧ ನಿಜ ಇದೆ. ಗೊಂದಲ ಇರೋದು "ಅಡಗಿದೆ" ಅನ್ನೋ ಒಂದು ಮಾತಿನಲ್ಲಿ. ಸಂಖ್ಯೆ ಕಾಣಿಸುತ್ತದೆ ಅನ್ನೋದು ಒಂದು ಮಾತು, ಅದನ್ನು ಯಾರೋ ಬೇಕೆಂದೇ ಅಲ್ಲಿಟ್ಟರು ಅನ್ನೋದು ಬೇರೆಯೇ ಮಾತು. ಹಳೆ ಕಟ್ಟಡಗಳ ಅಳತೆ ತೆಗೆದು ನಕ್ಷೆ ಮಾಡುವುದು ನನ್ನ ಕೆಲಸ, ಅಲ್ಲಿ ದಿನಾ ಎದುರಾಗೋದು ಇದೇ ಪ್ರಶ್ನೆ. ಯಾವುದಾದರೂ ಕಟ್ಟಡದಲ್ಲಿ 20 ಅಳತೆ ತೆಗೆಯಿರಿ. ಎರಡೆರಡು ಜೋಡಿಸಿದರೆ 190 ಅನುಪಾತ ಸಿಗುತ್ತವೆ. ಅದರಲ್ಲಿ ಪೈ ಹತ್ತಿರದ್ದು, ಎರಡರ ವರ್ಗಮೂಲದ ಹತ್ತಿರದ್ದು, ಸುವರ್ಣ ಅನುಪಾತವಾದ 1.618ರ ಹತ್ತಿರದ್ದು ಯಾವುದಾದರೂ ಸಿಗದೇ ಇದ್ದರೇ ಆಶ್ಚರ್ಯ. ಹಾಗಾಗಿ ನಾವು ಮೊದಲು ಕೇಳುವ ಪ್ರಶ್ನೆ ಇದು: ಕಟ್ಟಿದವನ ಕೈಯಲ್ಲಿ ಇದ್ದ ಅಳತೆಗೋಲು ಯಾವುದು, ಅವನು ಇಳಿಜಾರನ್ನು ಹೇಗೆ ಹೇಳುತ್ತಿದ್ದ?

ಈಜಿಪ್ಟಿನ ವಿಷಯದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ. ಅವರ ಅಳತೆ ರಾಜಮೊಳ, ಸುಮಾರು 52.4 ಸೆಂಟಿಮೀಟರ್. ಒಂದು ಮೊಳಕ್ಕೆ 7 ಅಂಗೈ, ಒಂದು ಅಂಗೈಗೆ 4 ಬೆರಳು. ಇಳಿಜಾರನ್ನು ಅವರು ಡಿಗ್ರಿಯಲ್ಲಿ ಹೇಳುತ್ತಿರಲಿಲ್ಲ. ಒಂದು ಮೊಳ ಮೇಲೆ ಹೋದರೆ ಗೋಡೆ ಎಷ್ಟು ಅಂಗೈ ಒಳಕ್ಕೆ ಸರಿಯಬೇಕು, ಅಷ್ಟೇ ಹೇಳುತ್ತಿದ್ದರು. ಅದಕ್ಕೆ ಸೆಕೆಡ್ ಅಂತ ಹೆಸರು. ನಮ್ಮ ಗಾರೆ ಮೇಸ್ತ್ರಿ ನೆಲಕ್ಕೆ "ಅಡಿಗೆ ಕಾಲಿಂಚು ಇಳಿಜಾರು ಕೊಡು" ಅಂತಾರಲ್ಲ, ಅದೇ ಕ್ರಮ. ಅವರ ಕೈಲಿ ಕೋನಮಾಪಕ ಇರುವುದಿಲ್ಲ, ಬೇಕಾಗಿಯೂ ಇಲ್ಲ.

ಇದು ಊಹೆಯಲ್ಲ. ರಿಂಡ್ ಪಪೈರಸ್ ಅನ್ನೋ ಹಳೆಯ ಗಣಿತದ ಸುರುಳಿ ಇದೆ. ಕ್ರಿ.ಪೂ. 1550ರ ಸುಮಾರಿಗೆ ಅಹ್ಮೆಸ್ ಎಂಬ ಲಿಪಿಕಾರ ಇನ್ನೂ ಹಳೆಯ ಪ್ರತಿಯೊಂದನ್ನು ನೋಡಿ ಬರೆದಿದ್ದು. ಅದರ 56ನೇ ಲೆಕ್ಕದಿಂದ ಮುಂದೆ ಪಿರಮಿಡ್ಡಿನ ಲೆಕ್ಕಗಳೇ ಸಾಲಾಗಿ ಬರುತ್ತವೆ. 57ನೇ ಲೆಕ್ಕ ನೋಡಿ: ಬದಿ 140 ಮೊಳ, ಸೆಕೆಡ್ 5 ಅಂಗೈ 1 ಬೆರಳು, ಎತ್ತರ ಎಷ್ಟು? ಉತ್ತರ 93 ಮತ್ತು ಮೂರನೇ ಒಂದು ಮೊಳ. ನಿಮ್ಮ ಮಕ್ಕಳು ಇದನ್ನು ಎರಡು ಸಾಲಿನಲ್ಲಿ ಮಾಡಿಬಿಡುತ್ತಾರೆ.

ಈಗ ಇದೇ ಮೊಳಕೋಲು ಹಿಡಿದು ಗಿಜಾದ ದೊಡ್ಡ ಪಿರಮಿಡ್ಡಿಗೆ, ಅಂದರೆ ರಾಜ ಖುಫುವಿನ ಪಿರಮಿಡ್ಡಿಗೆ ಬನ್ನಿ. ಬದಿ 440 ಮೊಳ, ಎತ್ತರ 280 ಮೊಳ. ಅರ್ಧ ಬದಿ 220. 280 ಮೊಳ ಏರುವಾಗ 220 ಮೊಳ ಒಳಗೆ ಬರಬೇಕು, ಅಂದರೆ ಒಂದು ಮೊಳಕ್ಕೆ ಐದೂವರೆ ಅಂಗೈ. ಸೆಕೆಡ್ 5 ಅಂಗೈ 2 ಬೆರಳು. ಇದಿಷ್ಟೇ ಮೇಸ್ತ್ರಿಗೆ ಬೇಕಾಗಿದ್ದದ್ದು.

ಪೈ ಎಲ್ಲಿಂದ ಬಂತು ಅಂತ ಇಲ್ಲೇ ಗೊತ್ತಾಗುತ್ತದೆ. ಸುತ್ತಳತೆ 1760 ಮೊಳ. ಎತ್ತರದ ಎರಡರಷ್ಟು 560. ಭಾಗಿಸಿ: 22/7. ಶಾಲೆಯಲ್ಲಿ ನಾವೆಲ್ಲ ಪೈಗೆ ಹಾಕುವ ಅದೇ 22/7! ಆ 7 ಬಂದಿದ್ದು ಮೊಳಕ್ಕೆ 7 ಅಂಗೈ ಇರುವುದರಿಂದ. 22 ಬಂದಿದ್ದು ಐದೂವರೆ ಅಂಗೈಯನ್ನು ನಾಲ್ಕು ಬದಿಗೆ ನಾಲ್ಕರಿಂದ ಗುಣಿಸಿದ್ದರಿಂದ. ವೃತ್ತ ಎಲ್ಲೂ ಇಲ್ಲ. ಐದೂವರೆ ಅಂಗೈ ಸೆಕೆಡ್ ಇಟ್ಟು ನೀವು ಎಷ್ಟೇ ದೊಡ್ಡ ಪಿರಮಿಡ್ ಕಟ್ಟಿದರೂ, ಪೈ ಅನ್ನೋ ಹೆಸರೇ ಕೇಳದಿದ್ದರೂ, 22/7 ಬಂದೇ ಬರುತ್ತದೆ.

ಸರಿ, ಹಾಗಾದರೆ 1.618? ಪೈಯನ್ನು ಗುರಿಯಾಗಿಟ್ಟರೂ ಸುವರ್ಣ ಅನುಪಾತವನ್ನು ಗುರಿಯಾಗಿಟ್ಟರೂ ಬರುವ ಇಳಿಜಾರು ಹೆಚ್ಚುಕಡಿಮೆ ಒಂದೇ. ಇದು ಸಂಖ್ಯೆಗಳ ನಡುವಿನ ಕಾಕತಾಳೀಯ, ಈಜಿಪ್ಟಿಗೂ ಇದಕ್ಕೂ ಸಂಬಂಧ ಇಲ್ಲ. 4ನ್ನು 1.618ರ ವರ್ಗಮೂಲದಿಂದ ಭಾಗಿಸಿ ನೋಡಿ, 3.1446 ಬರುತ್ತದೆ, ಪೈಗೆ ತೀರಾ ಹತ್ತಿರ. 440 ಮೊಳದ ಬದಿಗೆ ನಿಖರವಾದ ಪೈ ಹಾಕಿದರೆ ಎತ್ತರ 280.11 ಮೊಳ. ಸುವರ್ಣ ಅನುಪಾತ ಹಾಕಿದರೆ 279.84. ಸೆಕೆಡ್ ಹಾಕಿದರೆ ಸರಿಯಾಗಿ 280. ಮೊದಲ ಎರಡರ ನಡುವಿನ ವ್ಯತ್ಯಾಸ ಎಷ್ಟು? 14 ಸೆಂಟಿಮೀಟರ್. ನಿಮ್ಮ ಚಾರ್ಟಿನ ಹತ್ತಿರ ಒಂದು ಸ್ಕೇಲ್ ಇಡಿಸಿ, ಮಕ್ಕಳು 14 ಸೆಂಟಿಮೀಟರ್ ಎಷ್ಟು ಅಂತ ಕಣ್ಣಾರೆ ನೋಡಲಿ.

ಅಷ್ಟು ಚಿಕ್ಕ ವ್ಯತ್ಯಾಸವನ್ನು ಅಲ್ಲಿ ಅಳೆದು ಹೇಳುವ ಹಾಗಿಲ್ಲ, ಯಾಕೆಂದರೆ ಆ ಪಿರಮಿಡ್ಡಿನ ತುದಿಯೇ ಇವತ್ತು ಇಲ್ಲ. ಈಗಿನ ಎತ್ತರ ಸುಮಾರು 138.5 ಮೀಟರ್. ಮೇಲಿನ 8 ಮೀಟರ್ ಹೋಗಿದೆ, ಹೊರಗಿನ ಬಿಳಿ ಸುಣ್ಣಕಲ್ಲಿನ ಹೊದಿಕೆಯನ್ನು ಶತಮಾನಗಳ ಹಿಂದೆಯೇ ಕಿತ್ತೊಯ್ದಿದ್ದಾರೆ. ಬುಡದಲ್ಲಿ ಉಳಿದ ಕೆಲವು ಹೊದಿಕೆ ಕಲ್ಲುಗಳು 1837ರಲ್ಲಿ ಮಣ್ಣು ಸರಿಸಿದಾಗ ಸಿಕ್ಕವು. 146.6 ಅನ್ನೋದು ಆ ಕಲ್ಲುಗಳ ಓರೆಯಿಂದ ಲೆಕ್ಕ ಹಾಕಿ ಪಡೆದ ಎತ್ತರ, ಟೇಪ್ ಹಿಡಿದು ಅಳೆದದ್ದಲ್ಲ. 1880ರಿಂದ 1882ರವರೆಗೆ ಗಿಜಾದಲ್ಲಿ ಅಳತೆ ತೆಗೆದ ಫ್ಲಿಂಡರ್ಸ್ ಪೆಟ್ರಿ ಕೊಟ್ಟ ಕೋನ 51 ಡಿಗ್ರಿ 52 ನಿಮಿಷ, ಆಚೆ ಈಚೆ 2 ನಿಮಿಷ. ಇಲ್ಲಿ ನಿಮಿಷ ಅಂದರೆ ಡಿಗ್ರಿಯ 60ನೇ ಒಂದು ಭಾಗ. ಪೈ ಕೋನಕ್ಕೂ ಸುವರ್ಣ ಅನುಪಾತದ ಕೋನಕ್ಕೂ ಇರುವ ಅಂತರ ಎರಡು ನಿಮಿಷವೂ ಇಲ್ಲ. 1925ರ ಸರ್ವೆಯಲ್ಲಿ ನಾಲ್ಕು ಬದಿಗಳಲ್ಲೇ ಉದ್ದದ್ದಕ್ಕೂ ಚಿಕ್ಕದ್ದಕ್ಕೂ 20 ಸೆಂಟಿಮೀಟರ್ ವ್ಯತ್ಯಾಸ ಬಂದಿದೆ. ಅದು ಅದ್ಭುತ ಕೆಲಸವೇ, 230 ಮೀಟರಿನಲ್ಲಿ 20 ಸೆಂಟಿಮೀಟರ್ ಅಂದರೆ ಇವತ್ತಿನ ಕಾಂಟ್ರಾಕ್ಟರ್ ಕೂಡ ತಲೆಬಾಗಬೇಕು. ಆದರೆ ಪೈಯೋ ಸುವರ್ಣ ಅನುಪಾತವೋ ಅಂತ ತೀರ್ಮಾನ ಮಾಡೋಕೆ ಆ ಕಲ್ಲುಗಳಿಂದ ಸಾಧ್ಯವಿಲ್ಲ.

ಪೆಟ್ರಿಯ ಕತೆ ಮಕ್ಕಳಿಗೆ ಹೇಳಿ, ಚೆನ್ನಾಗಿದೆ. ಈ ಪೈ ಮಾತನ್ನು ಜನಪ್ರಿಯ ಮಾಡಿದ್ದು 1859ರಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ಲೇಖಕ. ಅವನ ಹಿಂದೆಯೇ ಖಗೋಳಜ್ಞ ಪಿಯಾಝಿ ಸ್ಮಿತ್ ಬಂದು "ಪಿರಮಿಡ್ ಇಂಚು" ಎಂಬ ಅಳತೆಯನ್ನು ಹಿಡಿದುಕೊಂಡು, ಬದಿಯಲ್ಲಿ ವರ್ಷದ ದಿನಗಳ ಲೆಕ್ಕ ಇದೆ ಎಂದ. ಪೆಟ್ರಿ ಮನೆಯಲ್ಲಿ ಸ್ಮಿತ್‌ನ ಮೇಲೆ ಭಕ್ತಿ ಇತ್ತು. ಹುಡುಗ ಈಜಿಪ್ಟಿಗೆ ಹೋಗಿ ನಿಜಕ್ಕೂ ಅಳೆದ. ಬದಿ ಸ್ಮಿತ್ ಹೇಳಿದ್ದಕ್ಕಿಂತ ಒಂದೂವರೆ ಮೀಟರಿಗೂ ಜಾಸ್ತಿ ಕಡಿಮೆ ಬಂತು. ಅವನು ಅದನ್ನು ಮುಚ್ಚಿಡಲಿಲ್ಲ, 1883ರಲ್ಲಿ ಅಚ್ಚು ಹಾಕಿಸಿದ. ಇನ್ನು ಸುವರ್ಣ ಅನುಪಾತದ ಬಗ್ಗೆ "ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ಸೇ ಬರೆದಿದ್ದಾನೆ" ಅಂತ ಎಷ್ಟೋ ಕಡೆ ಓದುತ್ತೀರಿ. ಅವನು ಬರೆದದ್ದು ಬದಿ ಎಂಟು ಪ್ಲೆತ್ರ (ಗ್ರೀಕರ ಉದ್ದದ ಅಳತೆ), ಎತ್ತರವೂ ಅಷ್ಟೇ ಅಂತ. ಎತ್ತರದ ವರ್ಗ ಒಂದು ಮುಖದ ವಿಸ್ತೀರ್ಣಕ್ಕೆ ಸಮ (ಹಾಗಿದ್ದರೆ ಸುವರ್ಣ ಅನುಪಾತ ಬರುತ್ತದೆ) ಅನ್ನೋ ಮಾತು ಅಲ್ಲಿ ಇಲ್ಲವೇ ಇಲ್ಲ, ಆಮೇಲಿನವರು ತುರುಕಿದ್ದು.

ಆದರೆ ನೀವು ಗಣಿತದವರು, ಇಲ್ಲಿ ಒಂದು ಪಾಟಿಸವಾಲು ಹಾಕಬಹುದು. "ಸೆಕೆಡ್‌ನಿಂದ ಬಂತು ಸರಿ, ಐದೂವರೆಯನ್ನೇ ಯಾಕೆ ಆರಿಸಿದರು? ಪೈಗೋಸ್ಕರ ಇರಬಹುದಲ್ಲ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಒಂದೇ ಪಿರಮಿಡ್ ನೋಡಿದರೆ ಉತ್ತರ ಸಿಗಲ್ಲ, ಅಕ್ಕಪಕ್ಕದ್ದನ್ನೂ ನೋಡಬೇಕು.

ಖುಫುವಿನ ಅಪ್ಪ ಸ್ನೆಫ್ರು. ಅವನ ಕಾಲದಲ್ಲಿ ಮೈದುಮ್‌ನ ಪಿರಮಿಡ್ಡಿಗೆ ಕೊಟ್ಟ ಕೊನೆಯ ರೂಪವೂ ಐದೂವರೆ ಅಂಗೈ ಸೆಕೆಡ್‌ದೇ: 275 ಮೊಳ ಬದಿ, 175 ಮೊಳ ಎತ್ತರ. ಅಂದರೆ ಮಗ ಹೊಸದೇನೂ ಹುಡುಕಲಿಲ್ಲ, ಮನೆಯಲ್ಲಿ ಬಳಕೆಯಲ್ಲಿದ್ದ ಇಳಿಜಾರನ್ನೇ ದೊಡ್ಡದಾಗಿ ಕಟ್ಟಿದ. ನಡುವೆ ಸ್ನೆಫ್ರು ದಹಶೂರ್‌ನಲ್ಲಿ ಇನ್ನೆರಡು ಕಟ್ಟಿದ್ದ. ಒಂದು ಬಾಗಿದ ಪಿರಮಿಡ್. ಕೆಳಭಾಗ ಸುಮಾರು 54 ಡಿಗ್ರಿ ಕಡಿದಾಗಿ ಏರುತ್ತದೆ, ಅದು ಸರಿಸುಮಾರು 5 ಅಂಗೈ ಸೆಕೆಡ್. ಆಮೇಲೆ ಕೆಳಗಿನ ನೆಲ ಕುಸಿದು ಒಳಗೆ ಬಿರುಕು ಬಿಟ್ಟಿದ್ದರಿಂದ ಅರ್ಧದಲ್ಲೇ ಸುಮಾರು 43 ಡಿಗ್ರಿಗೆ ಇಳಿಸಿದರು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮುಂದಿನದ್ದು ಕೆಂಪು ಪಿರಮಿಡ್, ಅದನ್ನು ಬುಡದಿಂದಲೇ ಆ ಸೌಮ್ಯ ಇಳಿಜಾರಿಗೆ ಕಟ್ಟಿದರು. ಬದಿ 220 ಮೀಟರ್, ಎತ್ತರ 105. ನಿಮ್ಮ ಸೂತ್ರ ಹಾಕಿ ನೋಡಿ, 4.19 ಬರುತ್ತದೆ. ಖುಫುವಿನ ಮಗ ಖಾಫ್ರೆಯದು 411 ಮೊಳ ಬದಿ, 274 ಮೊಳ ಎತ್ತರ. ಅದೇ ಸೂತ್ರಕ್ಕೆ ಸರಿಯಾಗಿ 3. ಸುವರ್ಣ ಅನುಪಾತದ ಜಾಗದಲ್ಲಿ 1.667. ಪೈ ಅಷ್ಟು ಪವಿತ್ರವಾಗಿದ್ದರೆ ಮಗ ಯಾಕೆ ಬಿಟ್ಟ? ಅವರು ನೋಡುತ್ತಿದ್ದದ್ದು ಕಲ್ಲು ನಿಲ್ಲುತ್ತದಾ, ಎತ್ತರ ಕಾಣುತ್ತದಾ, ಬೆರಳು ಅಂಗೈ ಲೆಕ್ಕದಲ್ಲಿ ಕೂಲಿಯವನಿಗೆ ಹೇಳಲು ಸುಲಭವಾ ಅಂತ. ನನಗೆ ಇದರಲ್ಲಿ ಸಂಶಯ ಇಲ್ಲ.

ಇನ್ನೊಂದು ಪುರಾವೆ ನನಗೆ ತುಂಬಾ ಇಷ್ಟ. ಮೈದುಮ್‌ನ 17ನೇ ಸಂಖ್ಯೆಯ ಗೋರಿಕಟ್ಟಡದ ಮೂಲೆಗಳಲ್ಲಿ, ನೆಲದ ಕೆಳಗೆ, ಪೆಟ್ರಿಗೆ ಮಣ್ಣಿನ ಇಟ್ಟಿಗೆಯ ಮೂಲೆಗೋಡೆಗಳು ಸಿಕ್ಕವು. ಅವುಗಳ ಮೇಲೆ ಮೊಳಕ್ಕೊಂದರಂತೆ ಅಡ್ಡಗೆರೆ. ಆ ಗೆರೆಗಳನ್ನು ದಾಟಿ ಒಂದು ಓರೆಗೆರೆ, ನಾಲ್ಕು ಮೊಳಕ್ಕೆ ಒಂದು ಮೊಳ ಸರಿಯುವ ಹಾಗೆ. ಬಂಡೆ ಒಂದೊಂದು ಮೂಲೆಯಲ್ಲಿ ಒಂದೊಂದು ಆಳದಲ್ಲಿತ್ತು, ಆದರೂ ನೆಲಮಟ್ಟಕ್ಕೆ ಬಂದಾಗ ನಾಲ್ಕೂ ಮುಖ ಒಂದೇ ಆಯಕ್ಕೆ ಕೂಡಬೇಕಲ್ಲ, ಅದಕ್ಕೆ ಈ ಗೆರೆಗಳು. ಮೇಸ್ತ್ರಿ ಗೋಡೆಯ ಮೇಲೆ ಎಳೆದ ಗೆರೆ, ನಾಲ್ಕೂವರೆ ಸಾವಿರ ವರ್ಷ ಹಳೆಯದು! ಪಿರಮಿಡ್ಡಿನ ರೇಖಾಗಣಿತ ನೋಡಬೇಕು ಅಂದರೆ ನೋಡಬೇಕಾದದ್ದು ಇದನ್ನು.

ಹಾಗಂತ ಅಲ್ಲಿ ರೇಖಾಗಣಿತದ ಆಟವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖುಫುವಿನ ಪಿರಮಿಡ್ಡಿನೊಳಗೆ ಕೆಂಪು ಗ್ರಾನೈಟಿನ ರಾಜನ ಕೋಣೆ ಇದೆ. ನೆಲ 20 ಮೊಳ ಉದ್ದ, 10 ಮೊಳ ಅಗಲ, ಪೂರ್ಣಸಂಖ್ಯೆ. ಎತ್ತರ ಮಾತ್ರ 11.18 ಮೊಳ. ಬೇರೆಲ್ಲ ಪೂರ್ಣಸಂಖ್ಯೆ ಇರುವಾಗ ಇದು ಯಾಕೆ ಹೀಗೆ? ನೆಲದ ಕರ್ಣ ಲೆಕ್ಕ ಹಾಕಿ: 500ರ ವರ್ಗಮೂಲ, 22.36. ಅದರ ಅರ್ಧ 11.18. ವರ್ಗಮೂಲ ಗೊತ್ತಿರಬೇಕಾಗಿಯೇ ಇಲ್ಲ, ನೆಲದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡಾಗಿ ಮಡಚಿ ನಿಲ್ಲಿಸಿದರೆ ಆಯಿತು. ಇನ್ನೂ ಇದೆ. ಚಿಕ್ಕ ಗೋಡೆಯ ಕರ್ಣ ಸರಿಯಾಗಿ 15 ಮೊಳ, ಕೋಣೆಯ ಒಳಕರ್ಣ 25. 15, 20, 25, ಅಂದರೆ 3:4:5. ಹಗ್ಗ ಮಡಚಿಯೇ ಮಾಡಿದರು ಅಂತ ಯಾರೂ ಬರೆದಿಟ್ಟಿಲ್ಲ. ಆದರೆ ಇಲ್ಲಿ ವಿವರಣೆ ಬೇಕು ಅನ್ನುವಂಥ ಒಂದು ವಿಚಿತ್ರ ಅಳತೆ ಇದೆ, ಅದನ್ನು ವಿವರಿಸುವ ಸರಳ ದಾರಿಯೂ ಇದೆ. ಹಾಗಾಗಿ ಇದನ್ನು ನಾನು ಪೈಗಿಂತ ಎಷ್ಟೋ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪೈ ವಿಷಯದಲ್ಲಿ ವಿವರಿಸಬೇಕಾದ್ದೇ ಏನೂ ಉಳಿದಿಲ್ಲ.

3:4:5 ಅಂದಾಗ ಒಂದು ಎಚ್ಚರಿಕೆ. ಖಾಫ್ರೆಯ ಪಿರಮಿಡ್ಡಿನ ಅಡ್ಡಸೀಳು 3:4:5 ತ್ರಿಕೋನವೇ, ಸೆಕೆಡ್ 5 ಅಂಗೈ 1 ಬೆರಳು. ಮೇಲೆ ಹೇಳಿದ 57ನೇ ಲೆಕ್ಕದ್ದೂ ಅದೇ. ಆರನೇ ರಾಜವಂಶದ ಪಿರಮಿಡ್ಡುಗಳೂ 150 ಮೊಳ ಬದಿ, 100 ಮೊಳ ಎತ್ತರ ಅಂತ ಅದೇ ಇಳಿಜಾರಿಗೆ ಹೋಗುತ್ತವೆ. ಇದನ್ನು ಧೈರ್ಯವಾಗಿ ಚಾರ್ಟಿಗೆ ಹಾಕಿ. ಆದರೆ "12 ಗಂಟಿನ ಹಗ್ಗದಿಂದ ಈಜಿಪ್ಟಿನವರು ಲಂಬಕೋನ ಮಾಡುತ್ತಿದ್ದರು" ಅಂತ ಬರೆಯಬೇಡಿ. ಅದು ಗಣಿತದ ಇತಿಹಾಸಕಾರ ಮೊರಿಟ್ಜ್ ಕ್ಯಾಂಟರ್ 19ನೇ ಶತಮಾನದಲ್ಲಿ ಮಾಡಿದ ಊಹೆ. ಪುಸ್ತಕದಿಂದ ಪುಸ್ತಕಕ್ಕೆ ಹೋಗಿ ಇತಿಹಾಸವಾಗಿಬಿಟ್ಟಿದೆ.

ಮೃಗಶಿರದ ಮಾತು. ಇದನ್ನು ತೆಗೆಯಿರಿ ಅಂತಲೇ ನನ್ನ ಸಲಹೆ. 1994ರಲ್ಲಿ ರಾಬರ್ಟ್ ಬೌವಾಲ್ ಇದನ್ನು ಜನರ ಬಾಯಿಗೆ ತಂದರು. ಚಿತ್ರ ಹೊಂದಬೇಕಾದರೆ ಆಕಾಶದ ನಕ್ಷೆಯನ್ನು ಉತ್ತರ ದಕ್ಷಿಣ ತಿರುಗಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಮನೆತನದ ಇತಿಹಾಸದಲ್ಲೇ ಇದೆ. ಖುಫುವಿನ ನಂತರ ಪಟ್ಟಕ್ಕೆ ಬಂದದ್ದು ಜೆಡೆಫ್ರೆ. ಅವನು ಗಿಜಾ ಬಿಟ್ಟು ಉತ್ತರಕ್ಕೆ ಸುಮಾರು 8 ಕಿಲೋಮೀಟರ್ ದೂರದ ಅಬು ರವಾಶ್‌ನಲ್ಲಿ ಪಿರಮಿಡ್ ಕಟ್ಟಿಕೊಂಡ. ಮೊದಲೇ ಮೂರು ನಕ್ಷತ್ರದ ಪ್ಲಾನ್ ಇದ್ದಿದ್ದರೆ ಎರಡನೆಯವನೇ ಎದ್ದು ಬೇರೆ ಕಡೆ ಹೋಗುತ್ತಿದ್ದನಾ? ಅವನಾದ ಮೇಲೆ ಖಾಫ್ರೆ ಗಿಜಾಕ್ಕೆ ವಾಪಸ್ ಬಂದು ಎತ್ತರದ ಜಾಗ ಹಿಡಿದ. ನೆಲ ಇಳಿಜಾರಾಗಿದ್ದರಿಂದ ವಾಯವ್ಯ ಮೂಲೆಯಲ್ಲಿ ಬಂಡೆಯನ್ನು ಸುಮಾರು 10 ಮೀಟರ್ ಕಡಿದು, ಆಗ್ನೇಯದಲ್ಲಿ ಕಲ್ಲು ತುಂಬಿ ಸಮ ಮಾಡಿಸಿದ. ಮೂರೂ ಪಿರಮಿಡ್ಡುಗಳ ಆಗ್ನೇಯ ಮೂಲೆಗಳು ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ, ಅದು ನಿಜ. ಅದನ್ನು ಬರೆಯಬಹುದು.

ಆಕಾಶ ಬೇಕೇಬೇಕು ಅಂದರೆ ಉತ್ತರ ದಿಕ್ಕನ್ನು ಹಾಕಿ, ಅದು ನಿಜವಾದ ಅಚ್ಚರಿ. ಖುಫುವಿನ ಪಿರಮಿಡ್ ನಿಜ ಉತ್ತರದಿಂದ ಓರೆಯಾಗಿರುವುದು ಒಂದು ಡಿಗ್ರಿಯ 15ನೇ ಒಂದು ಭಾಗದಷ್ಟು ಮಾತ್ರ. ದಿಕ್ಸೂಚಿ ಇಲ್ಲದ ಕಾಲ. ಧ್ರುವದ ಎರಡು ಕಡೆಯ ಎರಡು ನಕ್ಷತ್ರಗಳು ಒಂದರ ಮೇಲೊಂದು ಬರುವ ಹೊತ್ತು ನೋಡಿ ಗುರುತಿಸಿದರು ಅಂತ 2000ದಲ್ಲಿ ಕೇಟ್ ಸ್ಪೆನ್ಸ್ ವಾದಿಸಿದರು. ಹಗಲು ರಾತ್ರಿ ಸಮ ಇರುವ ದಿನ ಒಂದು ಕೋಲು ನೆಟ್ಟು ನೆರಳಿನ ತುದಿ ಗುರುತಿಸಿದರೂ ಸಾಕು ಅಂತ ಗ್ಲೆನ್ ಡ್ಯಾಶ್ ಮಾಡಿ ತೋರಿಸಿದರು. ಎರಡನೆಯದನ್ನು ನಿಮ್ಮ ಶಾಲೆಯ ಮೈದಾನದಲ್ಲೇ ಮಾಡಬಹುದು. "ಅಕ್ಷಾಂಶದಲ್ಲಿ ಬೆಳಕಿನ ವೇಗದ ಅಂಕಿ ಇದೆ" ಅನ್ನೋ ವೀಡಿಯೋ ಕಡೆ ಮಾತ್ರ ಹೋಗಲೇಬೇಡಿ. ಮೀಟರೂ ಸೆಕೆಂಡೂ ದಶಮಾಂಶದ ಡಿಗ್ರಿಯೂ ಆಗ ಹುಟ್ಟಿರಲಿಲ್ಲ.

ಈಗ ಪ್ರದರ್ಶನಕ್ಕೆ ಏನು ಮಾಡಬಹುದು ನೋಡೋಣ. ತಲೆಬರಹ ಮಾತ್ರ ಬದಲಿಸಿ "ಪಿರಮಿಡ್ಡಿನಲ್ಲಿ ಪೈ ಕಾಣುವುದು ಯಾಕೆ?" ಅಂತ ಇಡಬಹುದು. ಕೆಲಸ ಕಡಿಮೆ. ಆದರೆ ನೋಡುವವರು ದೊಡ್ಡಕ್ಷರ ಮಾತ್ರ ಓದಿ, "ಪೈ ಇದೆಯಂತೆ" ಅಂತಲೇ ಹೋಗುತ್ತಾರೆ. ಅದಕ್ಕೆ ಪಕ್ಕದಲ್ಲಿ ಮೈದುಮ್, ಕೆಂಪು, ಖುಫು, ಖಾಫ್ರೆ ನಾಲ್ಕನ್ನೂ ಒಂದು ಪಟ್ಟಿಯಲ್ಲಿ ಹಾಕಿ, ಮಕ್ಕಳೇ ಸೂತ್ರ ಹಚ್ಚಲಿ. ಇದರ ಅಪಾಯ ಏನಂದರೆ ಇಂಟರ್ನೆಟ್ಟಿನಲ್ಲಿ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ. ಕಟ್ಟಡಗಳು ಹಾಳಾಗಿವೆ, ಹಾಗಾಗಿ ಅದು ಸಹಜ. ಒಂದೇ ಕಡೆಯ ಅಂಕಿ ಇಟ್ಟುಕೊಂಡು "ಎತ್ತರ ಮೂಲದ್ದು, ಲೆಕ್ಕದಿಂದ ಪಡೆದದ್ದು" ಅಂತ ಕೆಳಗೆ ಬರೆಸಿ.

ನನ್ನ ಮನಸ್ಸು ಇರೋದು ಸೆಕೆಡ್ ಮಾದರಿಯ ಕಡೆಗೆ. ಗಟ್ಟಿ ರಟ್ಟಿನಲ್ಲಿ 7 ಸೆಂಟಿಮೀಟರ್ ಎತ್ತರ, 5.5 ಸೆಂಟಿಮೀಟರ್ ಬುಡ ಇರುವ ಲಂಬಕೋನ ತ್ರಿಕೋನ ಕತ್ತರಿಸಿ. ಮೇಸ್ತ್ರಿಯ ಕೈಯಲ್ಲಿ ಇದ್ದಿರಬಹುದಾದ ಅಚ್ಚು ಅದೇ. ಪಿರಮಿಡ್ಡಿಗೆ ಬದಿ 44 ಸೆಂಟಿಮೀಟರ್ ಇಡಿ, ಎತ್ತರ ತಾನೇ 28 ಬರುತ್ತದೆ. ನಾಲ್ಕು ಮುಖಗಳನ್ನು 44 ಬುಡ, 41.9 ಅಂಚು ಇಟ್ಟು ಕತ್ತರಿಸಿ. ಅಪಾಯ ಇಲ್ಲೂ ಇದೆ. ಬುಡದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ತುದಿಯಲ್ಲಿ ನಾಲ್ಕು ಮುಖ ಕೂಡುವುದಿಲ್ಲ, ಮಕ್ಕಳು ಬೇಜಾರಾಗುತ್ತಾರೆ. ರಟ್ಟು ಎರಡು ಸೆಟ್ ಜಾಸ್ತಿ ತರಿಸಿ, ಕೂಡದ ಮೊದಲನೆಯದನ್ನು ಎಸೆಯದೆ ಅದನ್ನೂ ಮೇಜಿನ ಮೇಲೇ ಇಡಿ.

"ಹಾಗಾದರೆ ಅವರಿಗೆ ಪೈ ಗೊತ್ತೇ ಇರಲಿಲ್ಲವಾ?" ಅಂತ ತೀರ್ಪುಗಾರರು ಖಂಡಿತ ಕೇಳುತ್ತಾರೆ. ಮಕ್ಕಳಿಗೆ ಈ ಉತ್ತರ ಕಲಿಸಿ: ರಿಂಡ್ ಪಪೈರಸ್ಸಿನ 50ನೇ ಲೆಕ್ಕದಲ್ಲಿ ವೃತ್ತದ ವಿಸ್ತೀರ್ಣ ಇದೆ. ವ್ಯಾಸದ ಒಂಬತ್ತನೇ ಒಂದು ಭಾಗ ಕಳೆದು ಉಳಿದದ್ದನ್ನು ವರ್ಗ ಮಾಡುತ್ತಾರೆ. ಅದರಿಂದ ಬರುವ ಪೈ 256/81, ಅಂದರೆ 3.1605. ಖುಫುವಿಗಿಂತ ಸುಮಾರು ಸಾವಿರ ವರ್ಷ ಈಚಿನ ಸುರುಳಿ ಅದು. ಆ ಪೈ ಇಟ್ಟು ಕಟ್ಟಿದ್ದರೆ ಎತ್ತರ 278.4 ಮೊಳ ಆಗಬೇಕಿತ್ತು, 80 ಸೆಂಟಿಮೀಟರಿಗೂ ಜಾಸ್ತಿ ಕಡಿಮೆ. ಈ ವ್ಯತ್ಯಾಸ 14 ಸೆಂಟಿಮೀಟರಿನ ಹಾಗಲ್ಲ, ಉಳಿದಿರುವ ಹೊದಿಕೆ ಕಲ್ಲುಗಳ ಓರೆಯಲ್ಲೇ ಸಿಕ್ಕಿಬೀಳುತ್ತದೆ.